ತಿರುವಿ ನೋಡಿ ಕೊಳ್ಳಿ: ಇಳಕಲ್ಲಿನಿಂದ ಬನಶಂಕರಿಯವರೆಗೆ ಎರಡು ದಿನ

ಬಾಗಲಕೋಟೆ ಜಿಲ್ಲೆಗೆ ಬರುವವರು ಬಹುತೇಕ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು, ಹೊತ್ತು ಉಳಿದರೆ ಇಳಕಲ್ಲಿಗೆ ಹೋಗಿ ಅವಸರದಲ್ಲಿ ಒಂದು ಸೀರೆ ಹಿಡಿದುಕೊಂಡು ಊರ ದಾರಿ ಹಿಡಿಯುತ್ತಾರೆ. ಉಡುವುದು, ಉಣ್ಣುವುದು, ಮೈ ಹಗುರ ಮಾಡಿಕೊಳ್ಳುವುದು ಇಷ್ಟಕ್ಕೇ ಬರುವವರು ಈ ದಾರಿಯನ್ನು ತಿರುಗಾಮುರುಗಾ ಮಾಡಿಕೊಳ್ಳಬೇಕು. ಮೊದಲು ಇಳಕಲ್, ಹುನಗುಂದ ದಾಟಿ ಅಮೀನಗಡ, ಅಲ್ಲಿಂದ ಗುಳೇದಗುಡ್ಡ, ರಾತ್ರಿ ಬಾದಾಮಿಯಲ್ಲಿ ವಸ್ತಿ, ಮರುದಿನ ಬನಶಂಕರಿ. ಹಳೆಯ ಪದ್ಧತಿಯ ಇಳಕಲ್ ಸೀರೆಗೆ ಕುಪ್ಪಸದ ತುಂಡು ಜೊತೆಗೇ ಬರುವುದಿಲ್ಲ, ಅದರ ಜೋಡಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಸೀರೆ ಕೈಯಲ್ಲಿದ್ದರೆ ಅದರ ದಡಿಯ (ಅಂಚಿನ) ಪಕ್ಕ ಹತ್ತು ಖಣ ಇಟ್ಟು ನೋಡಬಹುದು. ಖಣ ಮೊದಲು ಕೊಂಡು ಅದಕ್ಕೊಪ್ಪುವ ಸೀರೆ ಹುಡುಕುತ್ತ ಹೋದರೆ ಸಂಜೆಯವರೆಗೂ ಅಂಗಡಿ ಅಂಗಡಿ ಅಲೆಯುವುದೇ ಆಗುತ್ತದೆ.

ಇಳಕಲ್ ವಿಜಯಪುರ–ಚಿತ್ರದುರ್ಗ ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ, ವಿಜಯಪುರದ ಕಡೆಯಿಂದಲೂ ಹೊಸಪೇಟೆಯ ಕಡೆಯಿಂದಲೂ ನೇರ ಬರಬಹುದು. ರೈಲನ್ನೇ ನಂಬಿದವರು ಬಾದಾಮಿಯಲ್ಲಿ ಇಳಿದು, ಮೊದಲ ದಿನ ಬೆಳಗ್ಗೆ ಬೇಗ ಬಸ್ಸು ಹಿಡಿದು ಇಳಕಲ್ಲಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬರುವುದು ಲೇಸು. ಕಾಲ ಯಾವುದೆಂದರೆ ಕಾರ್ತಿಕ ಮುಗಿದ ಮೇಲೆ ಶಿವರಾತ್ರಿಯೊಳಗೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲಿಗೆ ಅಮೀನಗಡದ ಸಿಹಿತಿಂಡಿ ಕರದಂಟಿನ ಬೆಲ್ಲವೇ ಮೆತ್ತಗಾಗುತ್ತದೆ, ಮನುಷ್ಯರ ಪಾಡು ಕೇಳುವುದೇ ಬೇಡ.

ಇಳಕಲ್: ಸೆರಗು ಮೈಗೆ ಕೂಡುವ ಜಾಗ

ಅಂಗಡಿಯವರು ಸೀರೆ ಬಿಚ್ಚಿದ ಕೂಡಲೇ ಎಲ್ಲರ ಕಣ್ಣು ದಡಿಗೆ ಹೋಗುತ್ತದೆ. ಅದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ಮೊದಲು ಸೆರಗನ್ನು ಹಿಡಿದು, ಅದು ಸೀರೆಯ ಒಡಲಿಗೆ ಕೂಡುವ ಗೆರೆಯ ಮೇಲೆ ಬೆರಳು ಆಡಿಸಿ. ಇಳಕಲ್ ಸೀರೆಯ ಗುಟ್ಟು ಇರುವುದು ಅಲ್ಲಿ.

ಇದರ ನೇಯ್ಗೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸು ಹತ್ತಿಯದು ಅಥವಾ ರೇಷ್ಮೆಯದು, ಸೆರಗಿನದು ಕೆಂಪು ರೇಷ್ಮೆ. ಒಡಲಿನ ಒಂದೊಂದು ಎಳೆಯ ತುದಿಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಹೀಗೆ ಕೂಡಿಸಿದ ಹಾಸಿನಲ್ಲಿ ಒಂದೇ ಸೀರೆ ಇಳಿಯುತ್ತದೆ. ಮತ್ತೊಂದಕ್ಕೆ ಮತ್ತೆ ಹೊಸದಾಗಿ ಕೊಂಡಿ ಹಾಕಬೇಕು. ಕೈಮಗ್ಗದ ಸೀರೆ ದುಬಾರಿ ಯಾಕೆ ಎಂದು ಕೇಳುವವರಿಗೆ ಅರ್ಧ ಉತ್ತರ ಇದೇ.

ಕೊಂಡಿ ಇದ್ದ ಸೀರೆಯಲ್ಲಿ ಆ ಗೆರೆ ಬೆರಳಿಗೆ ಸಣ್ಣ ಏರಿನ ಹಾಗೆ ಹತ್ತುತ್ತದೆ. ಹೊಲಿಗೆಯ ದಾರ ಇರುವುದಿಲ್ಲ. ಬಟ್ಟೆಯನ್ನು ತಿರುವಿ ಹಿಂಬದಿಯಿಂದ ನೋಡಿದರೆ ಕುಣಿಕೆಗಳ ಸಾಲು ಇನ್ನೂ ಸ್ಪಷ್ಟ ಕಾಣುತ್ತದೆ. ಬಣ್ಣವೂ ಸಾಕ್ಷಿ ಹೇಳುತ್ತದೆ: ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ (ಅಡ್ಡ ಎಳೆಯೂ) ಕೆಂಪು ಆದ್ದರಿಂದ ಅದು ಅಚ್ಚ ಕೆಂಪಾಗಿರುತ್ತದೆ. ಕೊಂಡಿ ಇಲ್ಲದೆ ಒಂದೇ ಹಾಸಿನ ಮೇಲೆ ಸೆರಗು ನೇಯ್ದಿದ್ದರೆ ಒಡಲಿನ ಬಣ್ಣ ಸೆರಗಿನೊಳಗೂ ಹರಿದು ಬಂದಿರುತ್ತದೆ. ಹಸಿರು ಸೀರೆಯ ಸೆರಗು ಕೆಂಪು-ಹಸಿರು ಬೆರೆತು ಮಾಸಲು ಕಂಡಿತೆಂದರೆ ಅದು ಕೊಂಡಿ ಸೀರೆಯಲ್ಲ. ಅಂಥ ಸೀರೆ ಕೆಟ್ಟದ್ದೆಂದು ಅರ್ಥವಲ್ಲ, ದಿನಬಳಕೆಗೆ ಚೆನ್ನಾಗಿಯೇ ಬರುತ್ತದೆ. ಆದರೆ ಅದಕ್ಕೆ ಕೊಂಡಿ ಸೀರೆಯ ರೊಕ್ಕ ಕೊಡಬಾರದು.

ಸೆರಗಿನ ಚಿತ್ರಕ್ಕೆ ಟೋಪ್ ತೆನಿ ಎಂದು ಹೆಸರು. ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ ಪಟ್ಟಿ. ಬಿಳಿಯ ತುದಿಗಳು ಕೆಂಪಿನೊಳಗೆ ಚಾಚಿಕೊಂಡಿರುತ್ತವೆ: ಜೋಳದ ತೆನೆಯ ಹಾಗೆ, ಕೋಟೆಯ ತೆನೆಯ ಹಾಗೆ, ಹಣಿಗೆಯ ಹಲ್ಲಿನ ಹಾಗೆ. ಈ ಚಾಚುಗಳು ಒಂದೇ ಎತ್ತರಕ್ಕೆ ನಿಂತಿವೆಯೇ, ಅಂಚು ಚೂಪಾಗಿದೆಯೇ ನೋಡಿ. ಅಚ್ಚು ಹಾಕಿದ ನಕಲಿಯಲ್ಲಿ ಹಿಂಬದಿ ಪೇಲವವಾಗಿರುತ್ತದೆ.

ದಡಿಯಲ್ಲಿ ಚಿಕ್ಕಿ ಪರಾಸ, ಗೋಮಿ, ಗಾಯತ್ರಿ ಇವು ಹೆಚ್ಚು ಕಾಣುವವು. ಎತ್ತರ ಕಡಿಮೆ ಇರುವವರು ಗಾಯತ್ರಿಯಂಥ ಅಗಲ ದಡಿ ಕೊಂಡರೆ ನೆರಿಗೆ ಹಿಡಿದಾಗ ಕಾಲ ತುಂಬ ದಡಿಯೇ ಕಾಣುತ್ತದೆ. ಎರಡೂವರೆ ಮೂರು ಇಂಚಿನ ಪರಾಸ ಸಾಕು. ಬಣ್ಣದಲ್ಲಿ ಗಿರಿ ಕುಂಕುಮ, ದಾಳಿಂಬೆ ಕೆಂಪು, ನವಿಲು ಹಸಿರು, ಚಂದ್ರಕಾಳಿಯ ಕಪ್ಪು ಇವು ಹಳೆಯವು, ಈ ಕೆಂಪು ಸೆರಗಿನ ಜೊತೆ ಹೊಂದಿಕೊಂಡೇ ಬೆಳೆದವು. ತೆಳು ಗುಲಾಬಿ, ತೆಳು ನೀಲಿ ಒಡಲಿಗೆ ಅದೇ ಕೆಂಪು ಸೆರಗು ಕೂಡಿಸಿದ್ದು ಅಂಗಡಿಯ ಬೆಳಕಿನಲ್ಲಿ ಚಂದ ಕಾಣುತ್ತದೆ. ಬಿಸಿಲಿಗೆ ತಂದು ನೋಡಿದಾಗ ಸೆರಗು ಬೇರೆ ಸೀರೆಯದು ಅನ್ನಿಸುತ್ತದೆ. ಏನೇ ಇರಲಿ, ಬಾಗಿಲಿಗೆ ತಂದು ನೋಡದೆ ಬಣ್ಣ ನಿಕ್ಕಿ ಮಾಡಬೇಡಿ.

ನೂಲಿನ ವಿಚಾರ ಕೇಳುವಾಗ "ರೇಷ್ಮೆ ಹೌದಾ" ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. "ಒಡಲಿಗೆ ಯಾವ ನೂಲು, ದಡಿಗೆ ಯಾವುದು, ಸೆರಗಿಗೆ ಯಾವುದು" ಎಂದು ಮೂರು ಸಲ ಬೇರೆ ಬೇರೆ ಕೇಳಿ. ಹತ್ತಿ ಒಡಲಿಗೆ ಚಮಕಾ, ಅಂದರೆ ಕೃತಕ ರೇಷ್ಮೆಯ ದಡಿ ಸೆರಗು ಇದ್ದದ್ದು ಅಗ್ಗ; ಹತ್ತಿ ಒಡಲು, ಅಸಲಿ ರೇಷ್ಮೆ ದಡಿ ಸೆರಗು ಅದಕ್ಕಿಂತ ಮೇಲೆ; ಪೂರ್ತಿ ರೇಷ್ಮೆ ಎಲ್ಲಕ್ಕಿಂತ ಮೇಲೆ. ನಂಬಿಕೆ ಬಾರದಿದ್ದರೆ ಕುಚ್ಚಿನ ತುದಿಯಿಂದ ಎರಡು ಎಳೆ ಕೇಳಿ ಪಡೆದು ಅಂಗಡಿಯ ಹೊರಗೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದದ ವಾಸನೆ ಬಂದರೆ ಹತ್ತಿ ಅಥವಾ ಚಮಕಾ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್. ಸೀರೆಗೆ ಕೈಮಗ್ಗದ ಗುರುತಿನ ಚೀಟಿ, ಅಸಲಿ ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ಇದ್ದರೆ ಈ ಪರೀಕ್ಷೆಯ ಗೋಜೇ ಬೇಡ.

ಅಳತೆ ಕೇಳಿ ಕೊಳ್ಳಿ. ಆರು ಗಜದ್ದು ಸುಮಾರು ಐದೂವರೆ ಮೀಟರ್, ಒಂಬತ್ತು ಗಜದ್ದು ಎಂಟು ಮೀಟರಿಗೆ ಸ್ವಲ್ಪ ಮೇಲೆ. ಕಚ್ಚೆ ಹಾಕಿ ಉಡುವ ಹಿರಿಯರಿಗೆ ತರುವವರು ಇದನ್ನು ಮರೆತು ಆರು ಗಜದ್ದು ತರುವುದು ಮಾಮೂಲಿ ತಪ್ಪು.

ನೇಕಾರರ ಮನೆಗೆ ಹೋಗಿ ಕುಣಿಮಗ್ಗ, ಅಂದರೆ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ ನೋಡಬೇಕೆನ್ನುವವರು ಅಂಗಡಿಯವರಲ್ಲೇ ಕೇಳಿದರೆ ದಾರಿ ತೋರಿಸುತ್ತಾರೆ. ಮಗ್ಗದ ಮುಂದಿನ ಹಾಸನ್ನು ಮುಟ್ಟಬೇಡಿ, ಬೆವರಿನ ಕೈಯ ಕಲೆ ರೇಷ್ಮೆಯ ಮೇಲೆ ನಿಲ್ಲುತ್ತದೆ. ಲಾಳಿ ಓಡುತ್ತಿರುವಾಗ ಮಾತಿಗೆ ಎಳೆಯಬೇಡಿ. ಎಳೆ ಕಡಿದರೆ ಗಂಟು ಹಾಕುವುದು ಅವರ ಕೆಲಸ, ಆ ಹೊತ್ತಿನ ಕೂಲಿಯ ನಷ್ಟವೂ ಅವರದೇ.

ಮನೆಗೆ ತಂದ ಮೇಲೆ ಮೊದಲ ತೊಳೆತದಲ್ಲಿ ಹೆಚ್ಚು ಸೀರೆಗಳು ಹಾಳಾಗುತ್ತವೆ. ಕೆಂಪು ಸೆರಗಿನ ಬಣ್ಣ ಬಿಟ್ಟು ಒಡಲಿಗೆ ಹತ್ತುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ತಾಸುಗಟ್ಟಲೆ ನೆನೆಹಾಕುವುದೇ ಇದಕ್ಕೆ ಮುಖ್ಯ ಕಾರಣ. ನೆನೆದಷ್ಟೂ ಬಣ್ಣ ಬಿಡುತ್ತದೆ. ಸೆರಗಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಮೊದಲ ಎರಡು ಸಲ ಡ್ರೈಕ್ಲೀನಿಗೇ ಕೊಡಿ. ಹತ್ತದಿದ್ದರೆ ತಣ್ಣೀರಿನಲ್ಲಿ, ಸೌಮ್ಯ ಸಾಬೂನಿನಲ್ಲಿ, ಸೆರಗನ್ನು ಕೈಯಲ್ಲಿ ಬೇರೆ ಹಿಡಿದು, ಐದು ನಿಮಿಷದಲ್ಲಿ ಜಾಲಿಸಿ ನೆರಳಲ್ಲಿ ಹರವಿ. ಹಿಂಡಬೇಡಿ. ಹೊಸ ಹತ್ತಿ ಸೀರೆ ಗಂಜಿಯಿಂದ ಬಿರುಸಾಗಿದ್ದರೆ ಚಿಂತೆ ಬೇಡ, ಎರಡು ತೊಳೆತಕ್ಕೆ ಮೆತ್ತಗಾಗುತ್ತದೆ. ರೇಷ್ಮೆ ದಡಿಯದನ್ನು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಅಲ್ಲೇ ಸೀಳುತ್ತದೆ.

ಅಮೀನಗಡ: ಕರದಂಟು ಮುರಿದು ನೋಡುವುದು

ಕರದಂಟು ಎಂದರೆ ಕರಿದ ಅಂಟು, ಅಂದರೆ ತಿನ್ನುವ ಗೋಂದು. ಬೆಳಗಾವಿ ಜಿಲ್ಲೆಯ ಗೋಕಾಕದ್ದೂ ಹೆಸರುವಾಸಿ, ಇಲ್ಲಿಯ ಅಮೀನಗಡದ್ದೂ ಹೆಸರುವಾಸಿ. ಯಾವುದು ಮೇಲು ಎಂಬ ಜಗಳ ಬಗೆಹರಿಯುವಂಥದ್ದಲ್ಲ, ಬಗೆಹರಿಯುವ ಅಗತ್ಯವೂ ಇಲ್ಲ. ಡಬ್ಬಿ ಕಟ್ಟಿಸುವ ಮೊದಲು ಒಂದು ತುಂಡು ಕೇಳಿ ಮುರಿಯಿರಿ. ಮುರಿದ ಬಾಯಲ್ಲಿ ಗೋಡಂಬಿ, ಬಾದಾಮಿ, ಉತ್ತತ್ತಿ ಚೂರು ಬೇರೆ ಬೇರೆ ಕಾಣಬೇಕು. ಬರೀ ಬೆಲ್ಲದ ಹೊಳಪೇ ಕಂಡರೆ ಒಣಹಣ್ಣು ಕಡಿಮೆ. ಹಲ್ಲಿಗೆ ಅಂಟಿಕೊಂಡು ಬಿಡದಿದ್ದರೆ ಅಂಟು ಒಳಗೆ ಅರಳಿಲ್ಲ. ಕಟ್ ಎಂದು ಸಿಡಿದರೆ ಪಾಕ ಏರಿದೆ. ಕಮಟು ವಾಸನೆ ಬಂದರೆ ಹಳೆಯ ಕೊಬ್ಬರಿ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಹಲವು ನಮೂನೆ ಸಿಗುತ್ತವೆ; ಒಣಹಣ್ಣು ಹೆಚ್ಚಾದಂತೆ ದರ ಏರುತ್ತದೆ. ನಮ್ಮ ಮತ ಕೇಳಿದರೆ ಎಲ್ಲಕ್ಕಿಂತ ದುಬಾರಿಯದರಲ್ಲಿ ಅಂಟಿನ ರುಚಿಯೇ ಮುಚ್ಚಿಹೋಗಿರುತ್ತದೆ, ನಡುವಿನದು ಚೆಂದ.

ಮನೆಯಲ್ಲೇ ಮಾಡುವವರಿಗೆ ಸುಮಾರು ಒಂದೂಕಾಲು ಕಿಲೊ ಆಗುವ ಲೆಕ್ಕ: ಅಂಟು 100 ಗ್ರಾಂ, ತುಪ್ಪ 150 ಗ್ರಾಂ, ಬೆಲ್ಲ 400 ಗ್ರಾಂ, ಒಣ ಕೊಬ್ಬರಿ 250 ಗ್ರಾಂ, ಬೀಜ ತೆಗೆದ ಉತ್ತತ್ತಿ 150 ಗ್ರಾಂ, ಗೋಡಂಬಿ 100, ಬಾದಾಮಿ 100, ಒಣದ್ರಾಕ್ಷಿ 50, ಗಸಗಸೆ 25 ಗ್ರಾಂ, ಏಲಕ್ಕಿ ಎಂಟು, ಜಾಜಿಕಾಯಿ ಕಾಲು ಭಾಗ.

ಅಂಟನ್ನು ಹಿಂದಿನ ದಿನ ಒಂದು ತಾಸು ಬಿಸಿಲಿಗೆ ಹಾಕಿ. ತೇವ ಉಳಿದರೆ ಅರಳುವುದಿಲ್ಲ. ಹರಳು ಕಡಲೆಕಾಳಿಗಿಂತ ದೊಡ್ಡದಿದ್ದರೆ ಕುಟ್ಟಿ ಸಣ್ಣ ಮಾಡಿ. ಕೊಬ್ಬರಿಯನ್ನು ತೆಳುವಾಗಿ ಹೆರೆದು, ಉತ್ತತ್ತಿಯನ್ನು ಅಡಕತ್ತರಿಯಲ್ಲಿ ಕತ್ತರಿಸಿಡಿ. ಮಿಕ್ಸರಿಗೆ ಹಾಕಿದರೆ ಹಿಟ್ಟಾಗಿ ಕರದಂಟು ಹೋಗಿ ಉಂಡಿ ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ತುಪ್ಪ ಕಾಯಿಸಿ, ಮಧ್ಯಮ ಉರಿಯಲ್ಲಿ ಅಂಟನ್ನು ಮೂರು ನಾಲ್ಕು ಕಂತಿನಲ್ಲಿ ಕರಿಯಿರಿ. ಹರಳು ಎರಡು ಮೂರು ಪಟ್ಟು ಉಬ್ಬಿ ಬೆಳ್ಳಗಾಗಬೇಕು. ಒಂದನ್ನು ತೆಗೆದು ಬೆರಳಲ್ಲಿ ಒತ್ತಿದರೆ ನಡುವೆ ಗಾಜಿನಂಥ ಚೂರು ಉಳಿಯದೆ ಪೂರ್ತಿ ಪುಡಿಯಾಗಬೇಕು. ತುಪ್ಪ ತೀರ ಕಾದಿದ್ದರೆ ಹೊರಗೆ ಕೆಂಪಾಗಿ ಒಳಗೆ ಹಸಿಯಿರುತ್ತದೆ, ಹಲ್ಲಿಗೆ ಅಂಟುವುದು ಆ ಹಸಿ ಅಂಟೇ.

ಅದೇ ತುಪ್ಪದಲ್ಲಿ ಗೋಡಂಬಿ, ಬಾದಾಮಿ, ಉತ್ತತ್ತಿ ಬೇರೆ ಬೇರೆಯಾಗಿ ಹುರಿದು, ಕೊನೆಗೆ ದ್ರಾಕ್ಷಿ. ಕೊಬ್ಬರಿ ಮತ್ತು ಗಸಗಸೆಗೆ ತುಪ್ಪ ಬೇಡ, ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು. ಬೆಲ್ಲಕ್ಕೆ ಕಾಲು ಬಟ್ಟಲಿನಷ್ಟೇ ನೀರು ಹಾಕಿ ಕರಗಿಸಿ ಸೋಸಿಕೊಂಡು ಮತ್ತೆ ಒಲೆಗಿಡಿ. ನೊರೆ ಎದ್ದು ದಪ್ಪಗಾದಾಗ ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಡಿ. ಹರಡಿದರೆ ಇನ್ನೂ ಬೇಕು, ಬೆರಳಲ್ಲಿ ಮೆತ್ತಗಿನ ಗುಂಡಾದರೆ ಸರಿ, ಟಣ್ ಎಂದರೆ ಮುಗಿಯಿತು. ಏರಿದ ಪಾಕಕ್ಕೆ ಎರಡು ಚಮಚ ನೀರು ಹಾಕಿ ಮತ್ತೊಮ್ಮೆ ಹದಕ್ಕೆ ತರಬಹುದು, ಆದರೆ ಅಂಟು ಬೆರೆಸಿದ ಮೇಲೆ ಆ ಅವಕಾಶ ಇಲ್ಲ. ಉರಿ ಆರಿಸಿ ಏಲಕ್ಕಿ ಜಾಜಿಕಾಯಿ ಪುಡಿ, ಒಣಹಣ್ಣು, ಕೊಬ್ಬರಿ, ಗಸಗಸೆ, ಕೊನೆಗೆ ಅಂಟು ಸೇರಿಸಿ ಬೇಗ ಬೇಗ ಕಲಸಿ, ತುಪ್ಪ ಸವರಿದ ತಾಟಿಗೆ ಸುರಿದು ಬಟ್ಟಲ ತಳದಿಂದ ಒತ್ತಿ. ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಎಳೆಯಿರಿ. ಆರಿದ ಮೇಲೆ ಕತ್ತರಿಸಹೋದರೆ ಚೂರು ಚೂರಾಗುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿ ತಿಂಗಳು ಚೆನ್ನಾಗಿರುತ್ತದೆ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಬೆವೆತು ಜಿಬಜಿಬ ಆಗುತ್ತದೆ. ಬಾಣಂತಿಯರಿಗೆ, ಗರಡಿಯ ಹುಡುಗರಿಗೆ ಇದನ್ನು ಕೊಡುವ ರೂಢಿ ಹಳೆಯದು, ಬೆಲ್ಲ ತುಪ್ಪ ಒಣಹಣ್ಣಿನ ಬಲವೂ ಅಷ್ಟೇ ಗಟ್ಟಿ. ಬೆಳಗ್ಗೆ ಒಂದು ಸಣ್ಣ ತುಂಡು ಸಾಕು. ಬೆಲ್ಲದ್ದೆಂದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರಿಗೆ ನಡೆಯುತ್ತದೆ ಎನ್ನುವುದು ಸುಳ್ಳು.

ಗುಳೇದಗುಡ್ಡ: ಖಣದ ಹಿಂಬದಿ

ಇಳಕಲ್ ಸೀರೆಯಂತೆ ಗುಳೇದಗುಡ್ಡದ ಖಣಕ್ಕೂ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಇದೆ. ಎರಡೂ ಅಂಚಿಗೆ ದಡಿ, ನಡುವೆ ಸಣ್ಣ ಸಣ್ಣ ಚಿತ್ರ: ತೇರು, ಆನೆ, ನವಿಲು, ರುದ್ರಾಕ್ಷಿ, ಸೂರ್ಯನಾರಾಯಣ. ಅಗಲ ಸಾಮಾನ್ಯವಾಗಿ 30 ಇಂಚಿನ ಆಸುಪಾಸು, ಮಾಮೂಲಿ ಬಟ್ಟೆಯಷ್ಟು ಅಗಲ ಇಲ್ಲ. ಈ ಒಂದು ಸಂಗತಿ ತಿಳಿಯದೆ ಕೊಂಡವರ ಕುಪ್ಪಸವೆಲ್ಲ ತೋಳಿಗೆ ಬಂದಾಗ ನಿಂತುಹೋಗುತ್ತವೆ. ಗಿಡ್ಡ ತೋಳಿನದಕ್ಕೆ ಒಂದು ಮೀಟರ್, ಮೊಳಕೈವರೆಗಿನ ತೋಳಿಗೆ ಒಂದೂಕಾಲು ಮೀಟರ್ ಹಿಡಿಯಿರಿ, ಮೈ ತುಂಬಿದವರು ಒಂದೂವರೆ.

ಇಲ್ಲಿಯೂ ಮೊದಲು ತಿರುವಿ ನೋಡಿ. ನೇಯ್ದ ಖಣದಲ್ಲಿ ಚಿತ್ರದ ಎಳೆಗಳು ಹಿಂಬದಿಯಲ್ಲಿ ತೇಲುತ್ತಿರುತ್ತವೆ. ಅಚ್ಚಿನದಾದರೆ ಹಿಂದೆ ಎಳೆಯೇ ಇರುವುದಿಲ್ಲ. ತೇಲುವ ಎಳೆ ಅರ್ಧ ಇಂಚಿಗಿಂತ ಉದ್ದ ಇದ್ದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಜಗ್ಗುತ್ತವೆ. ಅಂಥದ್ದಕ್ಕೆ ಅಸ್ತರು ಕಡ್ಡಾಯ. ಇನ್ನು ದರದ ಮಾತು. ಕೈಮಗ್ಗದ್ದೂ ಇದೆ, ವಿದ್ಯುತ್ ಮಗ್ಗದ್ದೂ ಇದೆ, ರೇಷ್ಮೆ ಹಾಸಿನದೂ ಇದೆ, ಪಾಲಿಯೆಸ್ಟರಿನದೂ ಇದೆ. ನಾಲ್ಕೂ ದೂರದಿಂದ ಒಂದೇ ತರ ಹೊಳೆಯುತ್ತವೆ. ಕುಪ್ಪಸಕ್ಕೆ ಬೇಕಾದರೆ ಬೆವರು ಹೀರುವ ಹತ್ತಿ ಹೊಕ್ಕಿನದು ಕೊಳ್ಳಿ. ಗೋಡೆಗೆ ತೂಗುಹಾಕುವುದಕ್ಕೆ ಯಾವುದಾದರೂ ನಡೆಯುತ್ತದೆ.

ಹೊಲಿಸುವ ಮೊದಲು ಖಣವನ್ನೂ ಅಸ್ತರನ್ನೂ ಬೇರೆ ಬೇರೆ ನೀರಿನಲ್ಲಿ ತೋಯಿಸಿ, ಜಾಲಿಸಿ ನೆರಳಲ್ಲಿ ಒಣಗಿಸಿ. ಹತ್ತಿ ಅಗಲದಲ್ಲಿ ಕುಗ್ಗುತ್ತದೆ, ಅಸ್ತರು ತನ್ನ ಲೆಕ್ಕಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಎರಡೂ ಕುಗ್ಗಿದರೆ ಬೆನ್ನಿನಲ್ಲಿ ಸುಕ್ಕು ಬೀಳುತ್ತದೆ. ದರ್ಜಿಗೆ ಹೇಳಬೇಕಾದ ಮಾತು ಒಂದೇ: ತೋಳಿನ ತುದಿಗೆ ದಡಿ ಬರಲಿ, ಎರಡು ತೋಳಿಗೆ ಎರಡು ಅಂಚಿನ ದಡಿ ಬಳಸಲಿ. ಆನೆ, ತೇರು, ನವಿಲು ಇದ್ದ ಖಣದಲ್ಲಿ ಚಿತ್ರ ತಲೆಕೆಳಗಾಗದ ಹಾಗೆ ಸೀಮೆಸುಣ್ಣದಿಂದ ಮೇಲು ಕೆಳಗಿನ ಬಾಣದ ಗುರುತು ನೀವೇ ಹಾಕಿ ಕೊಡಿ.

ಮನೆಯ ಅಲಂಕಾರಕ್ಕೂ ಖಣ ಒಗ್ಗುತ್ತದೆ, ಎಲ್ಲದಕ್ಕೂ ಅಲ್ಲ. ಸೋಫಾದ ಹೊದಿಕೆಗೆ ಬೇಡವೇ ಬೇಡ, ವರ್ಷದೊಳಗೆ ಎಳೆ ಎದ್ದು ನಿಲ್ಲುತ್ತವೆ. 16 ಇಂಚಿನ ದಿಂಬಿನ ಚೀಲಕ್ಕೆ ಚೆನ್ನ: ಹೊಲಿಗೆಗೆಂದು 17 ಇಂಚಿನ ಚೌಕ ಕತ್ತರಿಸಬೇಕು. ಒಂದು ಮೀಟರ್ ಉದ್ದದಲ್ಲಿ ಒಂದು ದಡಿಯ ಕಡೆಯಿಂದ ಎರಡು ಚೌಕ ಬರುತ್ತವೆ, ಪಕ್ಕದಲ್ಲಿ ಇನ್ನೊಂದು ದಡಿಯ ಸಮೇತ 13 ಇಂಚಿನ ಪಟ್ಟಿ ಉಳಿಯುತ್ತದೆ. ಅದು ಟೀಪಾಯಿಯ ಮೇಲೆ ಹಾಸುವುದಕ್ಕೆ ಹೇಳಿ ಮಾಡಿಸಿದ ಅಳತೆ. ದಿಂಬಿನ ಹಿಂಬದಿಗೆ ಗಟ್ಟಿ ಹತ್ತಿ ಬಟ್ಟೆ ಹಾಕಿ, ಖಣ ಹಾಕುವುದು ದುಂದು. ಗಾಜಿನ ಚೌಕಟ್ಟಿಗೆ ಕೂರಿಸುವವರು ಬಟ್ಟೆಗೆ ಗೋಂದು ಹಚ್ಚಬೇಡಿ, ಕಲೆ ಮುಂದಕ್ಕೆ ಬರುತ್ತದೆ. ಹಿಂದಿನ ರಟ್ಟಿಗೆ ಸೂಜಿಯಿಂದ ನಾಲ್ಕು ಕಡೆ ಹೊಲಿಗೆ ಹಾಕಿ.

ಬಾದಾಮಿ, ಬನಶಂಕರಿ: ಕಾಲಿಗೆ ನಡಿಗೆ, ಹೊಟ್ಟೆಗೆ ರೊಟ್ಟಿ

ಬೆಳಗ್ಗೆ ಸೂರ್ಯ ಮೇಲೇರುವ ಮೊದಲು ಅಗಸ್ತ್ಯ ತೀರ್ಥದ ದಂಡೆಗುಂಟ ಭೂತನಾಥ ಗುಡಿಯವರೆಗೆ ನಡೆದು ಬನ್ನಿ. ಆ ಕಡೆಯ ಬಂಡೆಯಲ್ಲೇ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಇದೆ, ಕನ್ನಡದ ಹಳೆಯ ತ್ರಿಪದಿಗಳು ಅಲ್ಲಿವೆ. ಕೆಂಪು ಮರಳುಗಲ್ಲು ಹತ್ತು ಗಂಟೆಯ ಮೇಲೆ ಕಾಯತೊಡಗುತ್ತದೆ, ಗುಹೆಗಳ ಮೆಟ್ಟಿಲು ಹತ್ತುವುದಿದ್ದರೆ ಅದಕ್ಕೆ ಮೊದಲೇ ಹತ್ತಿ. ಮಂಗಗಳ ಕಾಟ ಇದೆ. ಕೈಯಲ್ಲಿ ಕರದಂಟಿನ ಚೀಲ ಹಿಡಿದು ಹೋದರೆ ಅದು ಅವುಗಳದೇ.

ಬನಶಂಕರಿ ಬಾದಾಮಿಯಿಂದ ಐದು ಕಿ.ಮೀ. ಗುಡಿಯ ಸುತ್ತ ಗಿಡದ ನೆರಳಿನಲ್ಲಿ ಹೆಣ್ಣುಮಕ್ಕಳು ಬುಟ್ಟಿ ಇಳಿಸಿಕೊಂಡು ರೊಟ್ಟಿ ಊಟ ಬಡಿಸುತ್ತಾರೆ. ಹನ್ನೆರಡರಿಂದ ಒಂದು ಗಂಟೆಯೊಳಗೆ ಹೋಗಿ. ತಡವಾದರೆ ಮೊಸರು ಹುಳಿಯಾಗಿರುತ್ತದೆ, ಪಲ್ಯ ತಳ ಕಂಡಿರುತ್ತದೆ. ಕೂಡುವ ಮೊದಲು "ಯಕ್ಕಾ, ಊಟಕ್ಕ ಎಷ್ಟು, ಏನೇನ್ ಅದಾವು" ಎಂದು ಕೇಳಿಬಿಡಿ, ಆಮೇಲೆ ಮಾತು ಬೆಳೆಸುವುದು ಬೇಡ. ಜೋಳದ ರೊಟ್ಟಿ ಅಥವಾ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿ ಚಟ್ನಿ, ಮೊಸರು. ಕುಡಿಯುವ ನೀರು ನಿಮ್ಮದೇ ಒಯ್ಯಿರಿ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ, ಅಂದರೆ ಜನವರಿಯ ಹೊತ್ತಿಗೆ, ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಊಟಕ್ಕಾಗಿಯೇ ಬರುವವರು ಆ ದಿನ ಬಿಟ್ಟು ಬನ್ನಿ.

ಕೆಂಪು ಚಟ್ನಿಯನ್ನು ಮೊದಲ ತುತ್ತಿಗೇ ಹಚ್ಚಿಕೊಂಡು ಕಣ್ಣೀರು ಹಾಕುವವರು ದಿನಕ್ಕೆ ನಾಲ್ಕು ಜನ ಸಿಗುತ್ತಾರೆ. ಮೊಸರಿನಲ್ಲಿ ಬೆರೆಸಿ, ರೊಟ್ಟಿಯ ತುದಿಯಲ್ಲಿ ಮುಟ್ಟಿಸಿ ತಿನ್ನಿ. ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು ಜೊತೆಗೆ ಕಡಿದರೆ ಖಾರ ಹದಕ್ಕೆ ಬರುತ್ತದೆ. ಎಣ್ಣಿಗಾಯಿಯ ಬದನಿಕಾಯಿ ತೊಟ್ಟಿನ ಹತ್ತಿರವೂ ಬೆಂದಿರಬೇಕು. ಖಾನಾವಳಿಯಲ್ಲಿ ಉಣ್ಣುವಾಗ ಅಡುಗೆಮನೆಯಿಂದ ಬಡಿಯುವ ಸಪ್ಪಳ ಕೇಳಿಸಿದರೆ ಬಿಸಿ ರೊಟ್ಟಿ ಕೇಳಿ. ಕೇಳಿಸದಿದ್ದರೆ ಬೆಳಗಿನದ್ದನ್ನು ಮತ್ತೆ ಬಿಸಿ ಮಾಡಿ ಕೊಡುವ ಬದಲು ಖಡಕ್ ರೊಟ್ಟಿಯೇ ಒಳ್ಳೆಯದು.

ಮನೆಗೆ ಹೋಗಿ ರೊಟ್ಟಿ ಬಡಿಯುವವರು ಹಿಟ್ಟಿನ ವಿಚಾರದಲ್ಲಿ ಹುಷಾರಾಗಿರಬೇಕು. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ಅದು ಕೂಡಿಕೊಳ್ಳುವುದು ಕುದಿಯುವ ನೀರಿನಲ್ಲಿ ಪಿಷ್ಟ ಬೆಂದು ಅಂಟಾಗುವುದರಿಂದ. ಅದಕ್ಕೇ ಬೆಚ್ಚಗಿನ ನೀರಲ್ಲಿ ಕಲಸಿದ ಹಿಟ್ಟು ಅಂಚಿನಲ್ಲಿ ಸೀಳುತ್ತದೆ. ಬೀಸಿ ತಿಂಗಳಾದ ಹಿಟ್ಟು ಎಷ್ಟು ನಾದಿದರೂ ಬಿರಿಯುತ್ತದೆ. ಇಲ್ಲಿಯ ಹಿಂಗಾರಿ ಬಿಳಿಜೋಳವನ್ನು, ಮಾಲದಂಡಿ ತಳಿ ಸಿಕ್ಕರೆ ಅದನ್ನೇ, ಕಾಳಿನ ರೂಪದಲ್ಲಿ ಕೊಂಡು ಹದಿನೈದು ದಿನಕ್ಕಾಗುವಷ್ಟು ಮಾತ್ರ ಬೀಸಿಸಿ.

250 ಗ್ರಾಂ ಹಿಟ್ಟಿಗೆ ಕುದಿಯುತ್ತಿರುವ ನೀರು 200 ಮಿಲಿ. ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಚಮಚದಿಂದ ಕೂಡಿಸಿ, ಐದು ನಿಮಿಷ ಮುಚ್ಚಿಡಿ. ಕೈಗೆ ತಾಳುವಷ್ಟು ಆರಿದಾಗ ಪರಾತದಲ್ಲಿ ಅಂಗೈಯ ಬುಡದಿಂದ ಮೂರು ನಾಲ್ಕು ನಿಮಿಷ ನಾದಿ, ಬೇಕಾದಂತೆ ಬೆಚ್ಚಗಿನ ನೀರು ಚಿಮುಕಿಸುತ್ತ. ಒತ್ತಿದರೆ ಅಂಚು ಒಡೆಯಬಾರದು. ಈ ಅಳತೆಗೆ ಐದಾರು ಉಂಡೆ. ಪುಡಿಹಿಟ್ಟು ಉದುರಿಸಿ ಅಂಗೈ ಅಂಚಿನಿಂದ ಸುತ್ತ ತಿರುಗಿಸುತ್ತ ಬಡಿಯಿರಿ. ನಡುವೆ ಬಡಿದರೆ ತೂತು ಬೀಳುತ್ತದೆ. ಕಾದ ಹಂಚಿನ ಮೇಲೆ ಪುಡಿಹಿಟ್ಟಿನ ಕಡೆ ಮೇಲೆ ಬರುವಂತೆ ಹಾಕಿ, ಕೂಡಲೇ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ. ನೀರು ಆರುತ್ತ ಬಂದಾಗ, ಪೂರ್ತಿ ಒಣಗುವ ಮೊದಲು ಮಗುಚಿ. ಆಮೇಲೆ ಕೆಂಡದ ಅಥವಾ ಉರಿಯ ಮೇಲೆ. ಉಬ್ಬದಿದ್ದರೆ ಕಾರಣ ಮೂರರಲ್ಲಿ ಒಂದು: ಹಂಚು ಕಾದಿಲ್ಲ, ನೀರು ತಡವಾಗಿ ಸವರಿದಿರಿ, ಇಲ್ಲವೇ ಎಲ್ಲೋ ಸೀಳು ಬಿಟ್ಟು ಆವಿ ಹೊರಹೋಗಿದೆ. ಖಡಕ್ ಬೇಕಾದರೆ ಇನ್ನೂ ತೆಳುವಾಗಿ ಬಡಿದು, ಬೆಂದ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ತೇವ ಹೋಗುವವರೆಗೆ ಬಿಡಿ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಬೇಕು, ಬೆಚ್ಚಗೆ ಹಾಕಿದರೆ ಬೂಸಲು.

ಗಾಣದ ಎಣ್ಣೆ

ಈ ಭಾಗದ ಅಡುಗೆಗೆ ಕುಸುಬಿ ಎಣ್ಣೆ, ಶೇಂಗಾ ಎಣ್ಣೆ ಎರಡೂ ಹಳೆಯ ರೂಢಿ. ಗಾಣದಲ್ಲಿ ಕೊಳ್ಳುವಾಗ ಮೊದಲ ಪ್ರಶ್ನೆ, ಯಾವತ್ತು ತೆಗೆದದ್ದು. ಸೋಸದ ಎಣ್ಣೆ ಮೂರು ನಾಲ್ಕು ದಿನ ಅಲುಗಾಡದೆ ಕೂತರೆ ಮಡ್ಡಿ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಮಡ್ಡಿ ಉಳಿದ ಎಣ್ಣೆ ಕಾಯಿಸಿದಾಗ ನೊರೆ ಬರುತ್ತದೆ, ಬೇಗ ಕಮಟುತ್ತದೆ. ಸ್ಟೀಲಿನ ಡಬ್ಬಿಯಲ್ಲಿ ಕತ್ತಲೆಯ ಜಾಗದಲ್ಲಿಟ್ಟು ಎರಡು ತಿಂಗಳೊಳಗೆ ಮುಗಿಸಿ. ಮುಚ್ಚಳದ ಬಾಯಿಗೆ ಹತ್ತಿದ ಕುಸುಬಿ ಎಣ್ಣೆ ಗಾಳಿಗೆ ಗೋಂದಿನ ಹಾಗೆ ಗಟ್ಟಿಯಾಗುತ್ತದೆ, ಅದು ಆ ಎಣ್ಣೆಯ ಗುಣ, ಕಲಬೆರಕೆ ಅಲ್ಲ. ಕರಿಯುವುದಕ್ಕೆ ಶೇಂಗಾ, ಒಗ್ಗರಣೆಗೂ ಚಟ್ನಿಯ ಮೇಲೆ ಹಸಿಯಾಗಿ ಹಾಕಿಕೊಳ್ಳುವುದಕ್ಕೂ ಕುಸುಬಿ.

ಇದೇ ಗುಣದಿಂದಾಗಿ ಮೈಗೆ ಹಚ್ಚಿಕೊಳ್ಳುವ ಎಣ್ಣೆಸ್ನಾನಕ್ಕೆ ಕುಸುಬಿ ಸರಿಹೋಗದು. ಟವೆಲ್ಲಿಗೆ, ಬಚ್ಚಲಿಗೆ ಅಂಟಿಕೊಂಡು ಬಿಡುವುದಿಲ್ಲ. ಅದಕ್ಕೆ ಎಳ್ಳೆಣ್ಣೆ ತನ್ನಿ. ಎರಡು ದಿನ ತಿರುಗಿ ಬಂದ ಕಾಲಿಗೆ ಒಬ್ಬರಿಗೆ ಅರ್ಧ ಬಟ್ಟಲಿಗಿಂತ ಕಡಿಮೆ, 60 ಮಿಲಿಯಷ್ಟು ಸಾಕು. ಎಣ್ಣೆಯನ್ನು ನೇರ ಉರಿಗಿಡದೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ. ನೆತ್ತಿ, ಬೆನ್ನು, ಮೊಣಕಾಲು, ಅಂಗಾಲು ಈ ಕ್ರಮದಲ್ಲಿ ತಿಕ್ಕಿ ಅರ್ಧ ತಾಸು ಕೂಡಿ. ಉಂಡ ಕೂಡಲೇ ಬೇಡ, ಜ್ವರ ನೆಗಡಿ ಇದ್ದರೆ ಬೇಡ. ಜಿಡ್ಡು ತೆಗೆಯಲು ಕಡಲಿಹಿಟ್ಟು ಮೂರು ಪಾಲು, ಸೀಗೆಪುಡಿ ಒಂದು ಪಾಲು ನೀರಲ್ಲಿ ಕಲಸಿ. ಸೀಗೆ ಹೆಚ್ಚಾದರೆ ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಇನ್ನೂ ಉರಿ. ಕೂಡುವ ಮೊದಲೇ ಬಚ್ಚಲಿಗೆ ಒದ್ದೆ ಗೋಣಿತಟ್ಟು ಹಾಸಿಡಿ, ನಯವಾದ ಟೈಲ್ಸ್ ಮೇಲೆ ಎಣ್ಣೆಕಾಲು ನಿಲ್ಲುವುದಿಲ್ಲ. ಮುಗಿದ ಮೇಲೆ ಮಿಕ್ಕ ಕಡಲಿಹಿಟ್ಟನ್ನು ನೆಲಕ್ಕೆ ಉದುರಿಸಿ, ತೆಂಗಿನ ನಾರಿನಿಂದ ತಿಕ್ಕಿ ಬಿಸಿನೀರು ಸುರಿದುಬಿಡಿ.